ಎದುರುಮನೆಯ ಕೆಂಪು ಕಸ

ಐದು ಗಂಟೆಗೆ ಎದ್ದದ್ದು. ಹಾಲು ಕಾಯಿಸಿದ್ದು. ಫಿಲ್ಟರಿನಲ್ಲಿದ್ದ ನಿನ್ನೆಯ ಚರಟ ಬಡಿದು ಹೊಸ ಪುಡಿ ಹಾಕಿದ್ದು. ರಾತ್ರಿ ನೆನೆಹಾಕಿದ್ದ ಕಡಲೆಕಾಳು ತೊಳೆದಿಟ್ಟದ್ದು. ಯಜಮಾನರ ಎರಡು ಅಂಗಿ, ಮಗಳ ಸ್ಕೂಲಿನ ಸ್ಕರ್ಟು ಇಸ್ತ್ರಿ ಮಾಡಿದ್ದು. ಬಾಲ್ಕನಿಯ ತುಳಸಿಗೆ ನೀರು. ದೇವರ ಮುಂದೆ ದೀಪ. ಕಾರಿಡಾರ್ ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ನಮ್ಮ ಬಾಗಿಲಿಗೊಂದು, ಎದುರುಮನೆಯ ಬಾಗಿಲಿಗೊಂದು ರಂಗೋಲಿ ಎಳೆದದ್ದು. ಕಸವನ್ನೆಲ್ಲ ಕರಿ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಹೊರಗಿಟ್ಟದ್ದು.

ಶನಿವಾರ ಬೆಳಗ್ಗೆ ಏಳರೊಳಗೆ ಇಷ್ಟು ಆಗಿತ್ತು. ರಜೆಯ ದಿನ, ಮನೆಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ಎಲ್ಲವೂ ನಾನು ದಿನಾ ಮಾಡುವ ಕೆಲಸಗಳೇ. ಆದರೆ ಆ ದಿನ ಎದುರುಮನೆಯವರ ಹೊಸ ವರ್ಷದ ಮೊದಲ ದಿನ. ಪಟ್ಟಿಯ ಕೊನೆಯಲ್ಲಿರುವ ಗುಡಿಸುವ ಕೆಲಸದಿಂದ ಏಳು ತಿಂಗಳ ಬಸುರಿಯೊಬ್ಬಳ ಇಡೀ ಹಬ್ಬವನ್ನು ನಾನು ಕರಿ ಚೀಲದಲ್ಲಿ ಕಟ್ಟಿ ಕಳಿಸಿಬಿಟ್ಟಿದ್ದೆ. ಅದು ನನಗೆ ಗೊತ್ತಾಗಲು ಇನ್ನೂ ಒಂದು ಗಂಟೆ ಇತ್ತು.

ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ ನಮ್ಮದು ಹಳೆಯ ಕಟ್ಟಡ, ಮೂರನೇ ಮಹಡಿ. ಮಹಡಿಗೆ ಎರಡೇ ಮನೆ, ನಡುವೆ ನಾಲ್ಕು ಮಾರಿನ ಕಾರಿಡಾರು. ಕಟ್ಟಡದ ಕ್ಲೀನರ್ ವಾರಕ್ಕೆರಡು ಸಲ ಮಾಪ್ ಎಳೆಯುತ್ತಾನೆ. ಅದು ಅವನ ಸಮಾಧಾನಕ್ಕೆ. ನನ್ನ ಸಮಾಧಾನಕ್ಕೆ ನಾನು ದಿನಾ ಗುಡಿಸುತ್ತೇನೆ. ತುಮಕೂರಿನಲ್ಲಿ ನಮ್ಮಮ್ಮ ಬಾಗಿಲು ಗುಡಿಸದೆ ಯಾರಿಗೂ ಕಾಫಿ ಕೊಡುತ್ತಿರಲಿಲ್ಲ. ಆ ಅಭ್ಯಾಸ ವಿಮಾನ ಹತ್ತಿ ನನ್ನ ಜೊತೆ ಬಂದಿದೆ.

ಎದುರುಮನೆಯ ಹುಡುಗಿ ಚೀನಾದಿಂದ ಬಂದು ಎರಡು ವರ್ಷವಾಯಿತು. ಅವಳ ಗಂಡ ಇಲ್ಲಿಯ ಬಂದರಿನಲ್ಲಿ ದೊಡ್ಡ ಕ್ರೇನುಗಳ ಉಸ್ತುವಾರಿ ನೋಡಿಕೊಳ್ಳುವ ಎಂಜಿನಿಯರು. ಹಡಗು ಬಂದಾಗ ಅವನಿಗೆ ಹಗಲು, ಹೋದಾಗ ರಾತ್ರಿ. ಹಾಗಾಗಿ ಅವಳು ಬಹಳ ಹೊತ್ತು ಒಬ್ಬಳೇ. ನನ್ನನ್ನು ‘ಅಕ್ಕ’ ಎನ್ನುತ್ತಾಳೆ, ನಾನೇ ಕಲಿಸಿದ್ದು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಅರ್ಧರ್ಧ, ಕೂಡಿಸಿದರೆ ಒಂದು ಮಾತಾಗುತ್ತದೆ. ಇಲ್ಲಿ ಅವಳ ಮಾತನ್ನೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮೂರು ವಾರದ ಹಿಂದೆ ಅವಳ ಅಮ್ಮ ಊರಿನಿಂದ ಬಂದಿದ್ದರು. ಹೆರಿಗೆ ಮಾಡಿಸಿ, ಆಮೇಲೆ ಒಂದು ತಿಂಗಳು ಮಗಳನ್ನು ಹಾಸಿಗೆಯಿಂದ ಏಳಗೊಡದೆ ನೋಡಿಕೊಂಡು ಹೋಗಬೇಕೆಂದು. ಅವರಲ್ಲೂ ನಮ್ಮ ಹಾಗೆ ಬಾಣಂತನ ಇದೆ. ತಣ್ಣೀರು ಮುಟ್ಟಬಾರದು, ಗಾಳಿ ತಾಗಬಾರದು, ಶುಂಠಿ ತಿನ್ನಬೇಕು. ಇದನ್ನು ಕೇಳಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ಅಜ್ಜಿಗೆ, ನಾವೆಲ್ಲ ಅವರನ್ನು ಕರೆಯುವುದು ಹಾಗೇ, ಈ ಊರು ಹಿಡಿಸಲಿಲ್ಲ. ಬೀದಿಯಲ್ಲಿ ನಡೆಯುವವರಿಲ್ಲ, ಎಲ್ಲರ ಬಾಗಿಲೂ ಮುಚ್ಚಿರುತ್ತದೆ, ತರಕಾರಿಯವನ ಜೊತೆ ಜಗಳ ಆಡುವ ಹಾಗಿಲ್ಲ. ಒಂದು ವಾರ ಕಿಟಕಿಯ ಹತ್ತಿರ ಕೂತು ನೋಡಿ, ಅಳಿಯನಿಗೆ ಹೇಳಿ ಹಬ್ಬದ ನಾಲ್ಕನೇ ದಿನಕ್ಕೆ, ಅಂದರೆ ಮಂಗಳವಾರಕ್ಕೆ, ಟಿಕೆಟ್ ಮಾಡಿಸಿಕೊಂಡರು.

“ಹೊಸ ವರ್ಷಕ್ಕೆ ಈ ಊರಿನ ದಾರಿ ಗೊತ್ತಿಲ್ಲ ಅಂತಾರೆ ಅಮ್ಮ,” ಎಂದಳು ಹುಡುಗಿ. “ಹಬ್ಬ ಚೆನ್ನಾಗಿ ಮಾಡಿದರೆ ಮನಸ್ಸು ಬದಲಾಗಬಹುದು ಅಕ್ಕ. ಇಲ್ಲದಿದ್ದರೆ ನಾನು ಒಬ್ಬಳೇ ಹೆರಬೇಕು.”

“ಒಬ್ಬಳೇ ಯಾಕೆ, ನಾನಿಲ್ವಾ,” ಎಂದೆ.

“ನೀವಿದ್ದೀರಿ,” ಎಂದಳು. ಮುಖದಲ್ಲಿ ಮಾತ್ರ ‘ನೀವು ಅಮ್ಮ ಅಲ್ಲವಲ್ಲ’ ಎಂದು ಬರೆದಿತ್ತು. ಅದು ನಿಜವೇ.

ಹಾಗಾಗಿ ಆ ವಾರವೆಲ್ಲ ನಮ್ಮ ಮಹಡಿಯಲ್ಲಿ ಸಡಗರ. ಅವಳು ಮನೆಯ ಪರದೆ, ಪಾತ್ರೆ, ದೀಪದ ಗ್ಲಾಸು ಎಲ್ಲ ಇಳಿಸಿ ತೊಳೆದಳು. ಬಸುರಿ ಕೈ ಎತ್ತಬಾರದೆಂದು ಸೀಲಿಂಗಿನ ಧೂಳನ್ನು ನಾನು ಉದ್ದ ಕೋಲಿನ ಪೊರಕೆಯಲ್ಲಿ ಹೊಡೆದುಕೊಟ್ಟೆ. ಬಾಗಿಲ ಎರಡೂ ಪಕ್ಕ ಕೆಂಪು ಕಾಗದದ ಉದ್ದ ಪಟ್ಟಿ, ಮೇಲೆ ಕರಿ ಮಸಿಯ ಅಕ್ಷರ. ನಾವು ಮಾವಿನ ತೋರಣ ಕಟ್ಟುವ ಜಾಗದಲ್ಲಿ ಇನ್ನೊಂದು ಅಡ್ಡಪಟ್ಟಿ. ನಾನು ಸ್ಟೂಲ್ ಹತ್ತಿ ಅಂಟಿಸಿದೆ, ಅಜ್ಜಿ ಕೆಳಗೆ ನಿಂತು ಎಡಕ್ಕೆ ಬಲಕ್ಕೆ ಎಂದು ಕೈ ತೋರಿಸಿದರು. ಒಮ್ಮೆಯೂ ನಗಲಿಲ್ಲ. ಮುಗಿದ ಮೇಲೆ ನಾನು ಅಂಟಿಸಿದ್ದ ಒಂದು ಪಟ್ಟಿಯನ್ನು ಕಿತ್ತು ತಾವೇ ಮತ್ತೆ ಅಂಟಿಸಿದರು.

ಶುಕ್ರವಾರ ಸಂಜೆ ಬಂದರಿನಲ್ಲಿ ಕೆಲಸ ಮಾಡುವ ಅವರ ಊರ ಕಡೆಯ ಆರೇಳು ಜನ ಬಂದರು. ಎಲ್ಲರೂ ಮೇಜಿನ ಸುತ್ತ ನಿಂತು ಕಡುಬು ಮಡಿಸಿದರು. ಕ್ರೇನ್ ನಡೆಸುವ ಗಂಡಸರ ಆ ದಪ್ಪ ಬೆರಳುಗಳು ಹಿಟ್ಟಿನ ಅಂಚನ್ನು ನೆರಿಗೆ ಹಿಡಿಯುವುದನ್ನು ನೋಡುತ್ತ ನಾನು ನಮ್ಮ ಒಲೆಯ ಮೇಲೆ ಸಾರು ಇಟ್ಟಿರುವುದನ್ನೇ ಮರೆತಿದ್ದೆ. ಇಲ್ಲಿ ಸಂಜೆ ಏಳು ಎಂದರೆ ಅವರ ಊರಿನಲ್ಲಿ ನಡುರಾತ್ರಿ ಹನ್ನೆರಡು. ಹೊಸ ವರ್ಷ ಊರಿಗೆ ಯಾವಾಗ ಬರುತ್ತದೋ ಆಗಲೇ ಇಲ್ಲಿಗೂ ಎಂದು ಅವರ ಲೆಕ್ಕ.

“ಊಟದ ಹೊತ್ತಿಗೆ ಬರುವ ವರ್ಷ, ಎಂಥ ವರ್ಷ,” ಎಂದು ಅಜ್ಜಿ ಹೇಳಿದ್ದನ್ನು ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು.

ಪಟಾಕಿ ಹೊಡೆಯುವ ಹಾಗಿಲ್ಲವಲ್ಲ. ಅದಕ್ಕೆ ತಿರುಗಿಸಿದರೆ ‘ಫಟ್’ ಎಂದು ಕಾಗದದ ಚೂರು ಉಗುಳುವ ಕೊಳವೆಗಳನ್ನು ತಂದಿದ್ದರು. ಫೋನಿನಲ್ಲಿ ಊರಿನವರ ಪಟಾಕಿಯ ಸದ್ದು, ಇಲ್ಲಿ ಕಾರಿಡಾರಿನಲ್ಲಿ ಕೆಂಪು ಕಾಗದದ ಮಳೆ. ನಮ್ಮ ಮಗಳೂ ಒಂದು ತಿರುಗಿಸಿದಳು. ಚೂರುಗಳು ನಮ್ಮ ಹೊಸ್ತಿಲವರೆಗೂ ಬಂದು ಬಿದ್ದವು. ನನ್ನ ಕೂದಲಲ್ಲಿ, ಯಜಮಾನರ ಕನ್ನಡಕದ ಮೇಲೆ. ಅಜ್ಜಿ ಬಾಗಿಲಲ್ಲಿ ನಿಂತು ನೆಲವನ್ನು ನೋಡುತ್ತಿದ್ದರು. ಆಗ ಮೊದಲ ಸಲ ಅವರ ಮುಖ ಸ್ವಲ್ಪ ಸಡಿಲಾದ ಹಾಗೆ ಕಂಡಿತು.

ನಾನು ಬೆಳಗ್ಗೆ ಎದ್ದು ಗುಡಿಸಿದ್ದು ಅದನ್ನೇ.

ನನ್ನ ತರ್ಕ ಹೀಗಿತ್ತು: ಹಬ್ಬಕ್ಕೆಂದು ಇಡೀ ಮನೆ ತೊಳೆದವರು ಹಬ್ಬದ ದಿನ ಬಾಗಿಲಲ್ಲಿ ಕಸ ಬಿಟ್ಟುಕೊಂಡಾರೆಯೇ. ಬಸುರಿ ಬಗ್ಗಬಾರದು. ಅಜ್ಜಿಗೆ ಮಂಡಿನೋವು. ನಾನು ಗುಡಿಸಿದರೆ ಒಂದು ಉಪಕಾರ. ಚೂರು ಒಂದೂ ಉಳಿಯದ ಹಾಗೆ, ಅವರ ಹೊಸ್ತಿಲ ಸಂದಿಯಿಂದಲೂ ಪೊರಕೆಯ ತುದಿಯಲ್ಲಿ ಕೆದಕಿ ತೆಗೆದೆ. ಎಂಟು ಎಸಳಿನ ರಂಗೋಲಿ ಎಳೆದು, ನಡುವೆ ಚಿಟಿಕೆ ಕುಂಕುಮ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಚೆನ್ನಾಗಿತ್ತು.

ಎಂಟು ಗಂಟೆಗೆ ಅವರ ಬಾಗಿಲು ತೆರೆದ ಸದ್ದಾಯಿತು. ಶುಭಾಶಯ ಹೇಳೋಣವೆಂದು ನಾನೂ ಬಾಗಿಲು ತೆಗೆದೆ. ಅಜ್ಜಿ ಕೆಂಪು ಸ್ವೆಟರ್ ಹಾಕಿಕೊಂಡು ನಿಂತಿದ್ದರು. ನೆಲ ನೋಡಿದರು. ನನ್ನನ್ನು ನೋಡಿದರು. ಮತ್ತೆ ನೆಲ ನೋಡಿದರು. ಒಂದು ಸಣ್ಣ ಮಾತು ಹೇಳಿ ಒಳಗೆ ಹೋದರು.

ಎರಡು ನಿಮಿಷಕ್ಕೆ ಹುಡುಗಿ ಹೊಟ್ಟೆ ಹಿಡಿದುಕೊಂಡು ಬಂದಳು.

“ಅಕ್ಕ, ಇಲ್ಲಿದ್ದ ಕಾಗದ?”

“ಗುಡಿಸಿದೆ. ನೀನು ಬಗ್ಗಬಾರದಲ್ಲ.”

ಅವಳು ಗೋಡೆಗೆ ಕೈ ಕೊಟ್ಟಳು. “ಇವತ್ತು ಗುಡಿಸಬಾರದು ಅಕ್ಕ. ವರ್ಷದ ಅದೃಷ್ಟ ಅದು. ಆ ಕೆಂಪು ಕಾಗದ ನೆಲದ ಮೇಲೇ ಇರಬೇಕು. ಬಾಗಿಲಿಂದ ಆಚೆಗೆ ಗುಡಿಸಿದರೆ ಎಲ್ಲ ಹೋಯಿತು ಅಂತ. ನಾನು ಮನೆಯ ಪೊರಕೆಯನ್ನೇ ಮಂಚದ ಕೆಳಗೆ ಬಚ್ಚಿಟ್ಟಿದ್ದೆ.” ಆಮೇಲೆ, ನನ್ನ ಮುಖ ನೋಡಿ, “ಪರವಾಗಿಲ್ಲ, ಪರವಾಗಿಲ್ಲ. ನಿಮಗೆ ಗೊತ್ತಿರಲಿಲ್ಲ,” ಎಂದಳು.

“ಅಮ್ಮ ಏನಂದರು?”

“ಸೂಟ್‌ಕೇಸ್ ಕೆಳಗಿಳಿಸು ಅಂದರು. ನೆಲವೇ ಹೋಗು ಅಂತಿದೆ ಅಂದರು.”

ನನಗೆ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಿದರೆ ನಮ್ಮಮ್ಮ ಊಟ ಬಿಡುತ್ತಿದ್ದರು. ಯಾರಾದರೂ ಪ್ರಯಾಣ ಹೊರಟರೆ ಅವರು ಬಸ್ಸು ಹತ್ತಿರುತ್ತಾರೆ ಎನ್ನುವವರೆಗೂ ಪೊರಕೆ ಮುಟ್ಟಗೊಡುತ್ತಿರಲಿಲ್ಲ. ಅಂಥ ಮನೆಯಿಂದ ಬಂದವಳು ನಾನು, ಇನ್ನೊಬ್ಬರ ಮನೆಯ ವರ್ಷವನ್ನೇ ಗುಡಿಸಿಬಿಟ್ಟಿದ್ದೆ.

“ಇದಕ್ಕೆ ಪರಿಹಾರ ಏನೂ ಇಲ್ವಾ? ನಮ್ಮಲ್ಲಿ ಎಲ್ಲದಕ್ಕೂ ಒಂದು ಇರುತ್ತೆ.”

ಅವಳು ಯೋಚಿಸಿದಳು. “ಗುಡಿಸಿದ್ದನ್ನು ಎಸೆಯದೆ ಮನೆಯ ಮೂಲೆಯಲ್ಲಿ ಇಟ್ಟರೆ ಅದು ಹೋದ ಹಾಗಲ್ಲ. ಐದನೇ ದಿನ ಎಸೆಯುತ್ತಾರೆ. ಆದರೆ ಕಸ ಎಲ್ಲಿದೆ ಈಗ?”

ನಾವಿಬ್ಬರೂ ನಮ್ಮ ಬಾಗಿಲ ಪಕ್ಕ ನೋಡಿದೆವು. ಕರಿ ಚೀಲ ಇರಲಿಲ್ಲ. ಕ್ಲೀನರ್ ಬಂದು ಹೋಗಿದ್ದ.

ನೈಟಿಯ ಮೇಲೆ ಶಾಲು ಎಳೆದುಕೊಂಡು ಚಪ್ಪಲಿ ಮೆಟ್ಟಿದೆ. ಯಜಮಾನರು ಬಾಯಲ್ಲಿ ಬ್ರಶ್ ಇಟ್ಟುಕೊಂಡು ಹೊರಗೆ ಬಂದರು.

“ಎಲ್ಲಿಗೇ?”

“ಕಸಕ್ಕೆ.”

“ಹಾಕೋಕಾ?”

“ತರೋಕೆ.”

ಅವರು ಬ್ರಶ್ ತೆಗೆದು ಏನೋ ಕೇಳುವಷ್ಟರಲ್ಲಿ ನಾನು ಎರಡನೇ ಮಹಡಿಯಲ್ಲಿದ್ದೆ. ಲಿಫ್ಟು ನಾಲ್ಕನೇ ಮಹಡಿಯಿಂದ ಯಾರದೋ ಸೋಫಾ ಇಳಿಸುತ್ತಿತ್ತು. ನಲವತ್ತೊಂಬತ್ತನೇ ವಯಸ್ಸಿನಲ್ಲಿ ಎರಡೆರಡು ಮೆಟ್ಟಿಲು ಹಾರಿದೆ ಎಂದರೆ ನನಗೇ ನಂಬಿಕೆ ಬರುವುದಿಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹೆದರಿಕೆಯೇ ಅಲ್ಲ ಅದು. ಶಾಲೆಯಲ್ಲಿ ಖೋ ಖೋ ಆಡುವಾಗ ಬೆನ್ನಿಗೆ ಕೈ ಬಿದ್ದ ಕೂಡಲೇ ಏಳುತ್ತಿದ್ದೆವಲ್ಲ, ಅಂಥದ್ದು.

ಕ್ಲೀನರ್ ಕೆಳಗೆ ಬಕೆಟ್ ತೊಳೆಯುತ್ತಿದ್ದ. ನಡುವಯಸ್ಸಿನ ನೇಪಾಳಿ, ನನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಾನೆ.

“ಭಯ್ಯಾ, ಮೂರನೇ ಮಹಡಿಯ ಕಸ?”

“ಖಲಾಸ್ ಭಾಭೀ. ಹಿಂದಿನ ಡಬ್ಬಿಗೆ ಹಾಕಿದೆ. ಚಿನ್ನ ಬಿತ್ತಾ?”

“ಅದಕ್ಕಿಂತ ಹೆಚ್ಚು.”

ಅವನು ಬಕೆಟ್ ಬಿಟ್ಟು ನನ್ನ ಹಿಂದೆಯೇ ಓಡಿ ಬಂದ. ಕಟ್ಟಡದ ಹಿಂದೆ ಕ್ಲಿನಿಕ್ಕಿನ ಗೋಡೆಗೆ ತಾಗಿ ಹಸಿರು ಕಸದ ತೊಟ್ಟಿ. ಕಸದ ಲಾರಿ ಮೂರು ಕಟ್ಟಡ ಆಚೆ ಇತ್ತು, ಒಂದೊಂದೇ ತೊಟ್ಟಿ ಎತ್ತಿ ಬೋರಲು ಹಾಕುತ್ತ ಬರುತ್ತಿತ್ತು. ತೊಟ್ಟಿಯ ಮುಚ್ಚಳ ಎತ್ತಿದರೆ ಒಳಗೆ ಮೂವತ್ತು ಕರಿ ಚೀಲ. ಎಲ್ಲವೂ ಒಂದೇ ಅಂಗಡಿಯವು, ಒಂದೇ ಗಂಟು.

“ನಿಮ್ಮದು ಯಾವುದು?” ಎಂದ ಕ್ಲೀನರ್.

ನಾನು ಬಗ್ಗಿ ಮೂಸಿದೆ. ಮೀನು. ಇನ್ನೊಂದು ಮೂಸಿದೆ, ಮಗುವಿನ ಡೈಪರು. ಅಷ್ಟರಲ್ಲಿ ಹಿಂದೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ತಿರುಗಿದರೆ ಅಜ್ಜಿ. ಬಂದಾಗಿನಿಂದ ಒಮ್ಮೆಯೂ ತಾವಾಗಿ ಕೆಳಗಿಳಿಯದವರು ಮಂಡಿನೋವು ಇಟ್ಟುಕೊಂಡು ಮೂರು ಮಹಡಿ ಇಳಿದು ಬಂದಿದ್ದರು. ಹಿಂದೆ ನಮ್ಮ ಮಗಳು, ಫೋನ್ ಹಿಡಿದುಕೊಂಡು.

“ಅಮ್ಮಾ, ಸೀರಿಯಸ್ಲಿ? ನೈಟಿಯಲ್ಲಿ?”

“ಬಾಯಿ ಮುಚ್ಚಿ ಕೈ ಹಾಕು.”

ಅಜ್ಜಿ ನನ್ನನ್ನು ಪಕ್ಕಕ್ಕೆ ಸರಿಸಿದರು. ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಒಂದೊಂದು ಚೀಲವನ್ನೂ ಎರಡು ಬೆರಳಲ್ಲಿ ಒತ್ತಿ ನೋಡುತ್ತ, ಬೇಡವಾದದ್ದನ್ನು ಕ್ಲೀನರನ ಕೈಗೆ ಕೊಡುತ್ತ ಹೋದರು. ಲಾರಿ ಪಕ್ಕದ ಕಟ್ಟಡಕ್ಕೆ ಬಂತು. ಹಾರ್ನ್ ಹೊಡೆಯಿತು. ಚಾಲಕ ತಲೆ ಹೊರಗೆ ಹಾಕಿ, “ಯಲ್ಲಾ, ಯಲ್ಲಾ” ಎಂದು ಅವಸರಪಡಿಸಿದ. ಅಜ್ಜಿ ಅವನತ್ತ ತಿರುಗಿ ಅವರ ಭಾಷೆಯಲ್ಲಿ ಒಂದು ಉದ್ದ ವಾಕ್ಯ ಹೇಳಿದರು. ಏನೆಂದು ಯಾರಿಗೂ ತಿಳಿಯಲಿಲ್ಲ, ಆದರೆ ಅವನು ಎಂಜಿನ್ ಆರಿಸಿದ.

ಹನ್ನೆರಡನೆಯದೋ ಹದಿಮೂರನೆಯದೋ ಚೀಲ. ಅಜ್ಜಿ ಒತ್ತಿದರು, ನಿಂತರು, ಮೂಗಿನ ಹತ್ತಿರ ತಂದರು. ನನ್ನ ಮೂಗಿನ ಹತ್ತಿರ ಹಿಡಿದರು. ಕಾಫಿ ಚರಟ. ಗಂಟು ಬಿಚ್ಚಿದರೆ ಮೇಲೆ ಕೆಂಪು ಚೂರುಗಳ ರಾಶಿ, ಕೆಳಗೆ ರಾತ್ರಿಯ ಸಾರಿನ ಅಗಿದುಗಿದ ನುಗ್ಗೆಸಿಪ್ಪೆ.

“ಸಿಕ್ತು,” ಎಂದೆ. ಗಂಟನ್ನು ಮತ್ತೆ ಬಿಗಿದೆ.

ಚಾಲಕ ಹಿಂದಿಯಲ್ಲಿ ಕೇಳಿದ, “ಏನು ಕಳೆದಿತ್ತು?” ಕ್ಲೀನರ್ ಬಹಳ ಗಂಭೀರವಾಗಿ, “ಹೊಸ ವರ್ಷ” ಎಂದ.

ಚೀಲ ಮೇಲೆ ಬಂತು, ಸೋಫಾ ಇಳಿದಿದ್ದರಿಂದ ಲಿಫ್ಟಿನಲ್ಲೇ. ಹುಡುಗಿ ಕಾರಿಡಾರಿನಲ್ಲಿ ನಿಂತೇ ಇದ್ದಳು. ಅವಳ ಮನೆಯಲ್ಲಿ ನಮ್ಮ ನುಗ್ಗೆಸಿಪ್ಪೆಯನ್ನೂ ಸೇರಿಸಿ ಐದು ದಿನ ಇಡಲು ಆಗುತ್ತದೆಯೇ? ನಮ್ಮ ಬಾಲ್ಕನಿಗೆ ಒಯ್ದು ಹಳೆಯ ಬೆಡ್‌ಶೀಟಿನ ಮೇಲೆ ಸುರಿದೆವು. ಸಿಪ್ಪೆ ಆರಿಸುವುದು ಸುಲಭ. ಚರಟ ಮಾತ್ರ ಕಾಗದದ ನಡುವೆ ಬೆರೆತುಹೋಗಿತ್ತು. ಫೆಬ್ರವರಿಯ ತಂಪು ಗಾಳಿ, ಬಿಸಿಲು ಹದವಾಗಿತ್ತು. ಅರ್ಧ ಗಂಟೆ ಹರಡಿಟ್ಟು, ನಾನು ಒಂದೊಂದೇ ಚೂರು ಕೊಡವುತ್ತಿದ್ದೆ. ಅಜ್ಜಿ ಸುತ್ತ ನೋಡಿದರು. ಗೋಡೆಯ ಮೊಳೆಗೆ ಊರಿಂದ ತಂದ ನನ್ನ ಮೊರ ನೇತುಹಾಕಿತ್ತು. ಅದನ್ನು ಇಳಿಸಿಕೊಂಡರು, ಬೆರಳಲ್ಲಿ ತಟ್ಟಿ ಸದ್ದು ಕೇಳಿದರು, ಕಾಗದ ತುಂಬಿಕೊಂಡು ಕೇರತೊಡಗಿದರು.

ಆ ಕೈಯನ್ನು ನಾನು ಹೇಗೆ ಹೇಳಲಿ. ಎರಡು ಕೊಡವು, ಒಂದು ತಟ್ಟು. ಚರಟ ಹಿಂದೆ ಉಳಿಯಿತು, ಕೆಂಪು ಕಾಗದ ಮುಂದಕ್ಕೆ ಹಾರಿ ಬೆಡ್‌ಶೀಟಿನ ಮೇಲೆ ಬಿತ್ತು. ಒಂದು ಚೂರೂ ಬಾಲ್ಕನಿಯ ಆಚೆ ಹೋಗಲಿಲ್ಲ. ನಾನು ಕೈ ಚಾಚಿದೆ, ಮೊರ ಕೊಟ್ಟರು. ನಾನೂ ಕೇರಿದೆ. ಅವರು ನನ್ನ ಮಣಿಕಟ್ಟು ಹಿಡಿದು ಸ್ವಲ್ಪ ತಿರುಗಿಸಿ, ಹೀಗೆ, ಎಂದು ತೋರಿಸಿದರು. ಮೂವತ್ತು ವರ್ಷ ಅಕ್ಕಿ ಕೇರಿದ ನನಗೆ. ಮೊದಲಾಗಿದ್ದರೆ ಕೋಪ ಬರುತ್ತಿತ್ತು. ಅವತ್ತು ನಗು ಬಂತು. ಅವರಿಗೂ.

ಮಗಳು ಫೋನಿನಲ್ಲಿ ಭಾಷೆ ಬದಲಾಯಿಸುವ ಆ್ಯಪ್ ಹಾಕಿ ನಡುವೆ ಇಟ್ಟಳು. ಅಜ್ಜಿ ನಮ್ಮ ಬಾಗಿಲ ಕಡೆ ತೋರಿಸಿ ಮಾತಾಡಿದರು. ಫೋನು ಪಠ್ಯಪುಸ್ತಕದ ಕನ್ನಡದಲ್ಲಿ ಕೇಳಿತು: “ಆ ಬಿಳಿಯ ಗೆರೆಗಳನ್ನು ಯಾವ ಕಾರಣಕ್ಕಾಗಿ ಬರೆಯಲಾಗಿದೆ?”

“ಒಳ್ಳೆಯದು ಒಳಗೆ ಬರಲಿ ಅಂತ,” ಎಂದೆ.

ಅಜ್ಜಿ ಕೇಳಿಸಿಕೊಂಡು ಮರುಮಾತು ಹೇಳಿದರು. “ಒಳಗೆ ಕರೆಯುವವರು ಅದನ್ನು ಹೊರಗೆ ಏಕೆ ಗುಡಿಸಿದಿರಿ?”

“ಕೊಳೆ ಇದ್ದರೆ ಲಕ್ಷ್ಮಿ ಬರಲ್ಲ ಅಂತಾರೆ ನಮ್ಮಲ್ಲಿ.”

“ನಮ್ಮಲ್ಲಿ ಆಕೆ ಈಗಾಗಲೇ ಬಂದು ಕುಳಿತಿದ್ದರು. ನೀವು ಆಕೆಯನ್ನು ಚೀಲದಲ್ಲಿ ಕಟ್ಟಿದಿರಿ.”

ಒಳಗೆ ಪೇಪರ್ ಓದುತ್ತಿದ್ದ ಯಜಮಾನರು, “ಅಜ್ಜಿ ಲಾಯರ್ ಆಗಬೇಕಿತ್ತು ಕಣೇ,” ಎಂದರು.

ಕೇರಿದ ಕಾಗದದಲ್ಲಿ ಅರ್ಧವನ್ನು ಅಜ್ಜಿಯೇ ಕಾರಿಡಾರಿನಲ್ಲಿ ಚೆಲ್ಲಿದರು, ರಂಗೋಲಿಯ ಮೇಲೂ, ನಮ್ಮ ಹೊಸ್ತಿಲ ಮೇಲೂ. ಉಳಿದ ಅರ್ಧವನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅವರ ಮನೆಯ ಮೂಲೆಯಲ್ಲಿ ಇಟ್ಟರು. ಡಬ್ಬಿಯೂ ನನ್ನದೇ. ಆಮೇಲೆ ಅದರ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತು ತಮ್ಮ ಮಗಳನ್ನು ಏನೋ ಕೇಳಿದರು. ಹುಡುಗಿ ಒಂದು ಮಾತು ಹೇಳಿದಳು. ಅಜ್ಜಿ ಮತ್ತೆ ಕೇಳಿದರು. ದನಿ ಏರಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ, ಒಳಗೆ ಹೋಗಲೋ ಹಿಂದಕ್ಕೆ ಸರಿಯಲೋ ತಿಳಿಯದೆ.

ಹುಡುಗಿ ನನ್ನ ಕಡೆ ತಿರುಗಿದಳು. ಕಣ್ಣು ಒದ್ದೆ, ಬಾಯಿ ನಗುತ್ತಿತ್ತು.

“ಐದನೇ ದಿನ ಇದನ್ನು ಯಾರು ಎಸೆಯುತ್ತಾರೆ ಅಂತ ಕೇಳುತ್ತಿದ್ದಾರೆ. ನಾನು ಬಗ್ಗಬಾರದು. ನಮ್ಮನೆಯವರಿಗೆ ಹಡಗಿನ ಕೆಲಸ. ಎದುರುಮನೆ ಅಕ್ಕ ಮಾಡುತ್ತಾರೆ ಅಂದೆ. ಅದಕ್ಕೆ…”

“ಏನಂದರು?”

“ಅವಳ ಕೈಯಲ್ಲಿ ಪೊರಕೆ ಕೊಟ್ಟು ನಾನು ಹೇಗೆ ವಿಮಾನ ಹತ್ತಲಿ ಅಂತಾರೆ. ನಾಲ್ಕನೇ ದಿನ ನಾನು ಹೋದರೆ ಆಮೇಲೆ ಅವಳು ಎಂದು ಗುಡಿಸುತ್ತಾಳೋ, ಏನನ್ನು ಗುಡಿಸುತ್ತಾಳೋ ಅಂತಾರೆ. ಟಿಕೆಟ್ ಬದಲಾಯಿಸು ಅಂದರು.”

ಅಳಿಯನಿಗೆ ಫೋನ್ ಹೋಯಿತು. ಬಂದರಿನ ಗದ್ದಲದ ನಡುವೆ ಅವನು ಯಾವ ದಿನಕ್ಕೆ ಎಂದು ಕೇಳಿದ. ಅಜ್ಜಿ ಫೋನಿಗೆ ಬಾಯಿ ಹಚ್ಚಿ ಒಂದೇ ಮಾತು ಹೇಳಿ ಅಡುಗೆಮನೆಗೆ ನಡೆದರು.

“ಆಮೇಲೆ ನೋಡೋಣ ಅಂದರು,” ಎಂದಳು ಹುಡುಗಿ. “ಅಕ್ಕ, ಚಿಕ್ಕವಳಿದ್ದಾಗ ಏನು ಕೇಳಿದರೂ ಇಲ್ಲ ಅಂದರೆ ಇಲ್ಲ. ಆಮೇಲೆ ನೋಡೋಣ ಅಂದರೆ ಹೂಂ.”

“ಎಲ್ಲ ಅಮ್ಮಂದಿರದೂ ಅದೇ ಡಿಕ್ಷನರಿ,” ಎಂದೆ. ಅವಳು ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟಳು. ಒಳಗಿನವನೋ ಒಳಗಿನವಳೋ ಜೋರಾಗಿ ಒದೆಯಿತು. ಬೆಳಗಿನಿಂದ ಮೂರು ಮಹಡಿಯ ಗಲಾಟೆ ಕೇಳಿಸಿರಬೇಕು.

ಅಜ್ಜಿ ಹೊಸ ವರ್ಷದ ಮೊದಲ ದಿನ ಮಾಂಸ, ಮೀನು ಮುಟ್ಟುವುದಿಲ್ಲವಂತೆ. ಹಾಗಾಗಿ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ ಎಂದು ತೀರ್ಮಾನವಾಯಿತು. ಅವರ ಕಡೆಯಿಂದ ಎಲೆಕೋಸು, ಅಣಬೆ ತುಂಬಿದ ಕಡುಬು, ನಮಗೆಂದು ಹೊಸ ಪಾತ್ರೆಯಲ್ಲಿ ಬೇಯಿಸಿದ್ದು. ಎಣ್ಣೆಯಲ್ಲಿ ಹುರಿದ ಅಂಟಕ್ಕಿಯ ಸಿಹಿ ಬಿಲ್ಲೆ. ನಮ್ಮ ಕಡೆಯಿಂದ ಚಿತ್ರಾನ್ನ, ಕಡಲೆಕಾಳಿನ ಉಸಲಿ, ಹೆಸರುಬೇಳೆ ಪಾಯಸ. ಅಜ್ಜಿ ಚಿತ್ರಾನ್ನದ ಕಡಲೆಬೀಜಗಳನ್ನು ಕಡ್ಡಿಗಳಲ್ಲಿ ಒಂದೊಂದೇ ಹಿಡಿದು ಮೊದಲು ಮುಗಿಸಿ, ಆಮೇಲೆ ಅನ್ನ ತಿಂದರು. ಪಾಯಸ ಎರಡು ಲೋಟ ಕುಡಿದರು. ಕಡುಬಿನಲ್ಲಿ ನನ್ನ ಪಾಲು ಒಂಬತ್ತು, ಯಜಮಾನರದು ಹದಿನಾಲ್ಕು. ಬಂದರಿನಿಂದ ಬಂದ ಅಳಿಯ ಕಾರಿಡಾರಿನ ಕೆಂಪು ಕಾಗದದ ಮೇಲೆ ಕಾಲಿಡದ ಹಾಗೆ ಕುಪ್ಪಳಿಸಿ ಒಳಗೆ ಬಂದ, ಉಳಿದದ್ದನ್ನೆಲ್ಲ ತಿಂದ.

ಮೊದಲು ನಿದ್ದೆ ಹೋದವರು ಅಜ್ಜಿ. ನಮ್ಮ ಸೋಫಾದ ಮೇಲೆ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು, ಕೂತಲ್ಲೇ, ಬಾಯಿ ಅರ್ಧ ತೆರೆದು. ಆಮೇಲೆ ಅವರ ಭುಜಕ್ಕೆ ಒರಗಿ ಹುಡುಗಿ. ಯಜಮಾನರು ಕುರ್ಚಿಯಲ್ಲಿ ಮೂರನೆಯವರು.